ಕದ್ದ ಮುದ್ದೆಯನ್ನಷ್ಟೇ ನುಂಗುವ ಜಮೇದಾರರಿಗೆ

ಪೀಣ್ಯ ಎರಡನೇ ಹಂತ,
ಶಿವರಾತ್ರಿಯ ಹಿಂದಿನ ವಾರ, ೧೯೮೪

ಮಾನ್ಯ ಜಮೇದಾರರೇ,

ತಮ್ಮ ಮುಂದಿನ ಎರಡು ಕಾಲು, ಹಿಂದಿನ ಎರಡು ಕಾಲು, ಅರ್ಧ ಹರಿದ ಎಡಗಿವಿ ಹಾಗೂ ತುದಿಯಲ್ಲಿ ಕೂದಲು ಉದುರಿದ ಬಾಲ, ಇವೆಲ್ಲವುಗಳ ಕುಶಲವನ್ನು ಮನಸಾರೆ ಹಾರೈಸುತ್ತಾ, ಕಾರ್ಖಾನೆ ಗೇಟಿನ ಎದುರಿನ ಮುದ್ದೆ ಹೋಟೆಲಿನ ಅನುಸೂಯಮ್ಮನೂ, ತಾವು ಹದಿಮೂರು ವರ್ಷಗಳಿಂದ ಕಾಲು ಚಾಚಿ ಮಲಗುತ್ತಿರುವ ಸೌದೆ ಕೊಟ್ಟಿಗೆಯ ಒಡತಿಯೂ ಆದ ನಾನು, ಈ ಪತ್ರವನ್ನು ಬರೆದು ಹೋಟೆಲಿನ ಗೋಡೆಗೆ, ತಮ್ಮ ಮೂಗಿಗೆ ಎಟುಕುವ ಎತ್ತರದಲ್ಲೇ ಅಂಟಿಸುತ್ತಿದ್ದೇನೆ. ತಾವು ಓದುವುದಿಲ್ಲವೆಂದು ನನಗೆ ಗೊತ್ತು. ಊಟಕ್ಕೆ ಬರುವ ಶಿಫ್ಟಿನವರಾದರೂ ಬಗ್ಗಿ ಓದಿ, ಈ ಮನೆಯಲ್ಲಿ ನಾಯಿ ಯಾರು, ಯಜಮಾನರು ಯಾರು ಎಂದು ತೀರ್ಮಾನ ಮಾಡಲಿ.

ತಮ್ಮ ಸೇವೆಯನ್ನು ಸ್ಮರಿಸದೆ ನೇರವಾಗಿ ದೂರಿಗೆ ಇಳಿಯುವುದು ಮರ್ಯಾದೆಯಲ್ಲ. ಸೈರನ್ ಕೂಗುತ್ತಿದ್ದಂತೆ ಗೇಟಿಗೆ ಹೋಗಿ ನಿಂತು, ಬಿ.ಟಿ.ಎಸ್. ಬಸ್ಸಿನಿಂದ ಇಳಿದು ಓಡಿ ಬರುವವರನ್ನೆಲ್ಲ ಒಬ್ಬೊಬ್ಬರಾಗಿ ಮೂಸಿ ಒಳಗೆ ಬಿಡುತ್ತಿದ್ದ ತಮ್ಮ ಠೀವಿ ನೋಡಿಯೇ ವಾಚ್‌ಮನ್ ಹನುಮಯ್ಯ ತಮಗೆ ಜಮೇದಾರ ಎಂದು ಹೆಸರಿಟ್ಟು, ತನ್ನ ಕೆಲಸವನ್ನು ತಮ್ಮ ಪಾದಕ್ಕೊಪ್ಪಿಸಿ, ಸ್ಟೂಲಿನ ಮೇಲೆ ಹಾಯಾಗಿ ತೂಕಡಿಸುತ್ತಿದ್ದ. ಅಂಥ ತಾವು ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಸೈರನ್ ಕೇಳಿಯೂ ಏಳಲಿಲ್ಲ. ಸೊಂಟ ಮುಟ್ಟಿದರೆ ಕುಂಯ್ ಎಂದಿರಿ, ಮುಟ್ಟದಿದ್ದರೆ ಯಾಕೆ ಮುಟ್ಟಲಿಲ್ಲವೆಂದು ಇನ್ನೂ ಜೋರಾಗಿ ಕುಂಯ್ ಎಂದಿರಿ.

ನಮ್ಮತ್ತೆ ಪಿಳ್ಳಮ್ಮನವರು ತೊಡೆಗೆ ಬರೆ ಹಾಕಿಸಿ ಎಂದರು. ಲೇತ್ ಮೆಷಿನ್ನಿನ ಮುನಿಯಣ್ಣ ತನ್ನ ತಲೆನೋವಿನ ಮಾತ್ರೆಯನ್ನು ಜೇಬಿನಿಂದ ತೆಗೆದು ದಾನಶೂರನಂತೆ ಮುಂದೆ ಹಿಡಿದ. ಎರಡನ್ನೂ ಬದಿಗಿಟ್ಟು ನಮ್ಮ ಮನೆಯವರು ಆವಲಪ್ಪ ತಮ್ಮನ್ನು ಗೋಣಿಚೀಲದ ಮೇಲೆ ಮಲಗಿಸಿ, ಗುಜರಿ ಕಬ್ಬಿಣದ ಟೆಂಪೋದಲ್ಲಿ ಮದುವೆ ಗಂಡಿನ ಹಾಗೆ ದನದಾಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ತಮ್ಮ ಕಾಲುಗಳನ್ನು ಮಡಿಸಿ ಬಿಡಿಸಿ ನೋಡಿ, ಕೀಲು ಸವೆದಿದೆ, ಈ ನೋವು ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಷ್ಟೇ ಎಂದು ಹೇಳಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾತ್ರೆ ಬರೆದುಕೊಟ್ಟರು. ಬರಿ ಹೊಟ್ಟೆಗೆ ಕೊಡಕೂಡದು, ಎಷ್ಟೇ ಅತ್ತರೂ ಹೆಚ್ಚು ಕೊಡಕೂಡದು, ಮನುಷ್ಯರ ಮಾತ್ರೆಯನ್ನಂತೂ ತೋರಿಸಲೂ ಕೂಡದು, ವಾಂತಿಯಾದರೆ ಅಥವಾ ಮಲ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಕರೆತನ್ನಿ ಎಂದರು. ಅಂದಿನಿಂದ ನಾನು ದಿನಾ ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ತಮ್ಮ ಹಿಂದೆ ಬೇಲಿಯವರೆಗೆ ನಡೆದು, ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವರಿಗಿಂತ ಹೆಚ್ಚಿನ ಶ್ರದ್ಧೆಯಿಂದ ತಮ್ಮ ಉತ್ಪನ್ನವನ್ನು ಪರೀಕ್ಷಿಸುತ್ತಿರುವುದನ್ನು ಕಂಡು, ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾರೆ. ಈ ಗೌರವವೂ ತಮ್ಮಿಂದಲೇ ಬಂದದ್ದು.

ಇನ್ನು ದೂರು. ಜಮೇದಾರರೇ, ತಾವು ಮುದ್ದೆಯನ್ನು ಅಗಿಯುತ್ತೀರಿ. ಸಾರಿನಲ್ಲಿ ಹೊರಳಿಸಿ ನಾಲಿಗೆಯ ಮೇಲಿಟ್ಟರೆ ಗಂಟಲಿಗೆ ಇಳಿಯಬೇಕು, ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ ಎಂಬುದು ಈ ಸೀಮೆಯ ಎಳೆಮಕ್ಕಳಿಗೂ ಗೊತ್ತಿರುವಾಗ, ರಾಗಿ ತಿಂದೇ ಬೆಳೆದ ತಾವು, ಕರಾವಳಿಯಿಂದಲೂ ಕೇರಳದಿಂದಲೂ ಹೊಸದಾಗಿ ಬಂದು, ಅಂಗುಳಿಗೆ ಮುದ್ದೆ ಅಂಟಿಸಿಕೊಂಡು ಕಣ್ಣು ಮೇಲೆ ಮಾಡುವ ಫಿಟ್ಟರುಗಳ ಕಾಲಡಿ ಕೂತು ಕೂತು ಅವರ ಚಾಳಿಯನ್ನೇ ಕಲಿತಿರಿ. ಹೀಗಾಗಿ ಮುದ್ದೆಯೊಳಗೆ ನಾನು ಎಷ್ಟೇ ಜಾಣತನದಿಂದ ಮಾತ್ರೆ ಹುದುಗಿಸಿಟ್ಟರೂ, ತಾವು ಸಾವಧಾನವಾಗಿ ಅಗಿದು, ಉಪ್ಪಿಟ್ಟಿನಿಂದ ಕರಿಬೇವು ತೆಗೆದಿಡುವ ಹಾಗೆ ಅದನ್ನು ತಟ್ಟೆಯಂಚಿಗೆ ಇಡುತ್ತಿದ್ದಿರಿ. ಬೆಲ್ಲದಲ್ಲಿ ಇಟ್ಟೆ, ಬೆಲ್ಲ ಹೋಯಿತು, ಮಾತ್ರೆ ಉಳಿಯಿತು. ಇಡ್ಲಿಯೂ ಹಾಗೆಯೇ ಹೋಯಿತು. ತಲೆಮಾಂಸದ ದಿನ ಆವಲಪ್ಪನವರ ಪಾಲಿನ ತುಂಡಿನಲ್ಲೇ ಇಟ್ಟೆ. ಮಾತ್ರೆ ತೊಳೆದಿಟ್ಟಷ್ಟು ಶುಭ್ರವಾಗಿ ವಾಪಸು ಬಂತು, ಆವಲಪ್ಪನವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಗ ತಮ್ಮ ನಿಜವಾದ ಪ್ರತಿಭೆ ಬೆಳಕಿಗೆ ಬಂತು. ಮುನಿಯಣ್ಣ ನೀರು ತರಲು ಎದ್ದಾಗ ಅವನ ತಟ್ಟೆಯ ಮುದ್ದೆಯನ್ನು ತಾವು ಒಂದೇ ತುತ್ತಿಗೆ, ಹಲ್ಲು ತಾಗಿಸದೆ, ಅಪ್ಪಟ ಬೆಂಗಳೂರು ಸೀಮೆಯವರಂತೆ ನುಂಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೊಟ್ಟದ್ದನ್ನು ಅಗಿಯುತ್ತೀರಿ, ಕದ್ದದ್ದನ್ನು ನುಂಗುತ್ತೀರಿ! ಮರುದಿನದಿಂದಲೇ ಮಾತ್ರೆಯಿಟ್ಟ ಪುಟ್ಟ ಮುದ್ದೆ ಮುನಿಯಣ್ಣನ ತಟ್ಟೆಗೆ ಬಂತು, ಅವನು ಗೋಡೆಯ ಕಡೆ ಮುಖ ಮಾಡಬೇಕು, ತಾವು ಕದಿಯಬೇಕು, ಅವನು ತಿರುಗಿ “ಅಯ್ಯಯ್ಯಪ್ಪೋ, ನನ್ ಮುದ್ದೆ ಒಂಟೋಯ್ತಲ್ರಪ್ಪೋ!” ಎಂದು ಎದೆ ಬಡಿದುಕೊಳ್ಳಬೇಕು. ಒಂದು ದಿನ ಗಂಟಲು ಕಟ್ಟಿ ಅವನು ಮೆಲ್ಲಗೆ ಅಂದದ್ದಕ್ಕೆ ತಾವು ಅಸಮಾಧಾನಗೊಂಡು ಎಲ್ಲವನ್ನೂ ಅವನ ಚಪ್ಪಲಿಯ ಮೇಲೆ ಉಗಿದಿದ್ದರಿಂದ, ಈಗ ಇಡೀ ಶಿಫ್ಟು ಒಟ್ಟಿಗೆ ಬೊಬ್ಬೆ ಹೊಡೆಯುತ್ತದೆ. ಸಂಜೆಯೂ ಇದೇ ಆಟ. ತಾವು ಮತ್ತೆ ಗೇಟಿಗೆ ಹೋಗಿ ನಿಂತಿರಿ, ಹನುಮಯ್ಯ ಮತ್ತೆ ತೂಕಡಿಸಿದ, ನಾನು ದೇವರಿಗೆ ಕೈ ಮುಗಿದೆ.

ಸಂಕ್ರಾಂತಿ ಕಳೆದ ಮೇಲೊಂದು ಸಂಜೆ ಎರಡು ಕಾರ್ಖಾನೆಗಳ ಕಬಡ್ಡಿ ಪಂದ್ಯದ ಮಾತು ಬಿಸಿಯೇರಿ, ಮುನಿಯಣ್ಣ ಗೋಡೆಯ ಕಡೆ ತಿರುಗುವುದನ್ನು ಮರೆತು, ವಾದದ ಭರದಲ್ಲಿ ತಮ್ಮ ಮಾತ್ರೆಯ ಮುದ್ದೆಯನ್ನೇ ಸಾರಿನಲ್ಲಿ ಹೊರಳಿಸಿ ನುಂಗಿಬಿಟ್ಟ. ಅಗಿದಿದ್ದರೆ ತಿಳಿಯುತ್ತಿತ್ತು, ಅಗಿಯುವ ಜಾತಿಯವನಲ್ಲವಲ್ಲ! ತಾವು ಬಂದು, ಬರಿದಾದ ತಟ್ಟೆ ನೋಡಿ, ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ, ಸದ್ದಿಲ್ಲದೆ ಸೌದೆಯ ಹಿಂದೆ ಹೋಗಿ ಮಲಗಿದಿರಿ. ಆ ಗಲಾಟೆಯಲ್ಲಿ ನಾನೂ ಗಮನಿಸಲಿಲ್ಲ. ಮರುದಿನ ಮುನಿಯಣ್ಣ ತನಗೆ ಸೊಂಟನೋವು ಮಾಯವಾಗಿದೆ ಎಂದು ಕುಣಿಯುತ್ತ ಬಂದು, ಕಾರಣ ತಿಳಿದ ಕೂಡಲೇ ಬೆವರಿ, ದನದಾಸ್ಪತ್ರೆಗೇ ಓಡಿ ಬೈಸಿಕೊಂಡು ಬಂದ. ಅವನ ಬೆನ್ನಿಗೇ ಬೆಂಚಿನವರೆಲ್ಲ ತಮಗೂ ಒಂದೊಂದು ಜಮೇದಾರ್ ಮುದ್ದೆ ಹಾಕಬೇಕೆಂದು ಗಂಟುಬಿದ್ದರು.

ಆದರೆ ಅವನು ಬರುವುದಕ್ಕೂ ಮುಂಚೆ, ಆ ಬೆಳಿಗ್ಗೆ ಸೈರನ್ ಕೂಗಿದಾಗ, ತಾವು ತಲೆ ಎತ್ತಿದಿರಿ, ಮುಂಗಾಲು ಊರಿದಿರಿ, ಹಿಂಗಾಲು ಬರಲಿಲ್ಲ. ಮೂರು ಸಲ ಪ್ರಯತ್ನ ಮಾಡಿ, ನನ್ನ ಕಡೆ ನೋಡಿ, ನಾಚಿಕೊಂಡವರಂತೆ ಮುಖವನ್ನು ಸೌದೆಯ ಕಡೆ ತಿರುಗಿಸಿದಿರಿ. ನಾನು ತಮ್ಮ ಪಕ್ಕದಲ್ಲಿ ಕೂತು ಜೋರಾಗಿಯೇ ಅತ್ತೆ. ಒಲೆಯ ಮೇಲಿನ ಮುದ್ದೆ ತಳ ಹಿಡಿಯಿತು. ಆ ದಿನ ಸೀದ ಮುದ್ದೆಯನ್ನು ಮೊದಲನೇ ಶಿಫ್ಟಿನವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ತಿಂದು ಹೋದರು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ತಮ್ಮ ಕೀಲುಗಳು ಭಾನುವಾರ ಮತ್ತು ಹಬ್ಬದ ದಿನಗಳಲ್ಲಾದರೂ ರಜೆ ತೆಗೆದುಕೊಳ್ಳಲಿ. ಚಳಿ ಅತ್ತಿಬೆಲೆಯ ಗಡಿಯಲ್ಲೇ ಇಳಿದು ತಮಿಳುನಾಡಿಗೆ ಹೋಗುವಂತೆ ತಾವೇ ಒಂದು ಸಲ ಗದರಿಸಿ ಹೇಳಬೇಕು. ವಯಸ್ಸು ತಮ್ಮ ಗೇಟಿಗೆ ಬಂದಾಗ ಚೆನ್ನಾಗಿ ಮೂಸಿ, ಗುರುತಿನ ಚೀಟಿ ಇಲ್ಲವೆಂದು ಹೊರಗೇ ನಿಲ್ಲಿಸಬೇಕು. ಇವು ಯಾವುವೂ ಆಗುವುದಿಲ್ಲವೆಂದಾದರೆ ಒಂದಾದರೂ ನಡೆಸಿಕೊಡಿ: ಕದಿಯುವುದನ್ನು ಬಿಡಬೇಡಿ. ನೋವು ಮಾತ್ರೆಗೂ ಬಗ್ಗದ ದಿನ ಒಂದು ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ನಾನು ಕೇಳಿಸಿಕೊಂಡಿದ್ದೇನೆ, ಮರೆಯಲು ಪ್ರಯತ್ನ ಮಾಡುತ್ತಿದ್ದೇನೆ. ಅಲ್ಲಿಯವರೆಗೆ ದಿನಕ್ಕೆರಡು ಸಲ ನಮ್ಮನ್ನು ದೋಚಿಕೊಂಡು ಹೋಗಿ.

ಇಂತಿ, ಲೂಟಿಯಾದಷ್ಟೂ ಸಂತೋಷಪಡುವ
ತಮ್ಮ ವಿಶ್ವಾಸಿ,
ಅನುಸೂಯಮ್ಮ

ತಾ.ಕ.: ಈ ಪತ್ರ ಬರೆದಿಟ್ಟ ಮೇಲೆ, ಇವತ್ತು ಬೆಳಿಗ್ಗೆ, ಗಡಿಬಿಡಿಯಲ್ಲಿ ಮುದ್ದೆಯೊಳಗೆ ಮಾತ್ರೆ ಇಡುವುದನ್ನೇ ಮರೆತೆ. ತಾವು ಕದ್ದಿರಿ, ಶಿಫ್ಟಿನವರು ಬೊಬ್ಬೆ ಹೊಡೆದರು, ತಾವು ನುಂಗಿದಿರಿ. ಆಮೇಲೆ ನೇರವಾಗಿ ಅಡುಗೆಮನೆಗೆ ಬಂದು, ಮಾತ್ರೆಯ ಡಬ್ಬಿಯಿರುವ ಗೂಡಿನ ಕೆಳಗೆ ಕೂತು, ನಾನು ಡಬ್ಬಿ ತೆಗೆಯುವವರೆಗೂ ನನ್ನನ್ನೇ ದಿಟ್ಟಿಸಿ, ಅಂಗೈಯಿಂದಲೇ ಮಾತ್ರೆ ನೆಕ್ಕಿಕೊಂಡು ಗೇಟಿಗೆ ಹೋದಿರಿ. ಇಷ್ಟು ದಿನ ಎಲ್ಲವೂ ಗೊತ್ತಿದ್ದೇ ನಮ್ಮೆಲ್ಲರನ್ನೂ ಕುಣಿಸಿದ್ದೀರಿ, ಬಹಳ ಸಂತೋಷ. ನಾಳೆಯಿಂದ ಬೊಬ್ಬೆ ಬಂದ್ ಎಂದು ಮುನಿಯಣ್ಣನಿಗೆ ಹೇಳಿದೆ, ಅವನು ಒಪ್ಪುತ್ತಿಲ್ಲ. ತಾವು ಕದಿಯದಿದ್ದರೆ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲವಂತೆ.