ಹಾಡು ಪಾಸು ಮಾಡುವ ಅಕ್ಕೋರು

ಹೆದರುಪುಕ್ಕಲರನ್ನೇ ಹುಡುಕಿಕೊಂಡು ಹೆದರಿಕೆಯ ಕೆಲಸಗಳು ಬರುತ್ತವೆ. ನಾನು ಜಿರಲೆಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರೂ ಹೆದರುತ್ತೇನೆ. ಆದರೂ ಶಿರಸಿ ಸೀಮೆಯ ಎಕ್ಕಂಬಿ ಕಡೆ ನಾನು ಅಕ್ಕೋರಾಗಿ ಪಾಠ ಮಾಡುವ ಸಣ್ಣ ಶಾಲೆಯಲ್ಲಿ ಸಿನಿಮಾ ಹಾಡುಗಳಿಗೆ ಕತ್ತರಿ ಹಾಕುವ ಕೆಲಸ ಸಿಕ್ಕಿದ್ದು ನನಗೇ.

ನೇಮಕ

ಹೋದ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಐದನೇ ಕ್ಲಾಸಿನ ಹುಡುಗಿಯರು ಯಾವುದೋ ಸಿನಿಮಾ ಹಾಡಿಗೆ ಸೊಂಟ ಕುಣಿಸಿದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು, "ಸಣ್ಣ ಮಕ್ಕಳು ನೋಡ್ತಾವ್ರೀ" ಎಂದು ಹೇಳಿ ಎದ್ದು ಹೋದರು. ಅವರ ಹಿಂದೆ ಅರ್ಧ ಸಭೆಯೂ ಎದ್ದಿತು.

ಈ ವರ್ಷ ಹೆಡ್‌ಮಾಸ್ತರರು ಮೀಟಿಂಗ್ ಕರೆದರು. "ಮಕ್ಕಳು ಹೆಜ್ಜೆ ಕಲಿಯೋದು ವಿಡಿಯೊ ನೋಡಿ. ಅದಕ್ಕೇ ಪ್ರತಿ ಹಾಡಿನ ವಿಡಿಯೊ ಮೊದಲು ನೋಡಿ ಪಾಸು ಮಾಡಬೇಕು. ಅಧ್ಯಕ್ಷರು ಮತ್ತೆ ಎದ್ದು ಹೋದರೆ ಮುಂದಿನ ವರ್ಷದಿಂದ ಗ್ಯಾದರಿಂಗೇ ಇಲ್ಲ" ಎಂದು ಹೇಳಿ ನನ್ನ ಕಡೆ ನೋಡಿದರು. ಮಕ್ಕಳಿಗೆ ಇಡೀ ವರ್ಷದಲ್ಲಿ ಅದೊಂದೇ ಸಂಭ್ರಮ. ಅದು ನನ್ನಿಂದ ನಿಂತುಹೋದರೆ ಯಾವ ಮುಖ ಇಟ್ಟುಕೊಂಡು ಕ್ಲಾಸಿಗೆ ಹೋಗಲಿ?

"ಸರ್, ನನಗೆ ಹೆದರಿಕೆ" ಅಂದೆ.

"ಅದಕ್ಕೇ ನೀವು. ನಿಮಗೇ ಹೆದರಿಕೆ ಆಗದ ಹಾಡು ಅಂದರೆ, ಊರಲ್ಲಿ ಮತ್ಯಾರಿಗೂ ಏನೂ ಆಗೋದಿಲ್ಲ" ಅಂದರು.

ಬಸ್ಸಿನಲ್ಲಿ

ಮನೆಯಲ್ಲಿ ಅತ್ತೆ, ಶಾಲೆಯಲ್ಲಿ ಮಕ್ಕಳು. ಇಂಥ ವಿಡಿಯೊ ನೋಡುವುದಾದರೂ ಎಲ್ಲಿ? ಶಿರಸಿಯಿಂದ ಶಾಲೆಗೆ ಹೋಗುವ ಬೆಳಗಿನ ಬಸ್ಸೇ ಗತಿ. ಕಿಟಕಿಯ ಪಕ್ಕ ಕೂತು, ಸದ್ದು ಪೂರ್ತಿ ಅಡಗಿಸಿ, ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡು ನೋಡತೊಡಗಿದೆ. ಕಳ್ಳತನ ಮಾಡುವವರಿಗೂ ಅಷ್ಟು ಬೆವರು ಬರಲಿಕ್ಕಿಲ್ಲ. ಒಂದು ಹಾಡಿನಲ್ಲಿ ನಾಯಕ ನಾಯಕಿಯ ತೀರಾ ಹತ್ತಿರ ಬಂದಾಗ ಅಂಗೈಯಿಂದ ಪರದೆ ಮುಚ್ಚಿದೆ.

ಪಕ್ಕದಲ್ಲಿ ವಾನಳ್ಳಿ ಕಡೆಯ ಅಜ್ಜಿ. ಮಗಳ ಮನೆಗೆ ಹೊರಟವರು, ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು. ಅವರು ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

"ಕೈ ತೆಗಿಯೇ ತಂಗಿ" ಅಂದರು ಅಜ್ಜಿ.

"ಅಜ್ಜಿ, ಇದು ಶಾಲೆ ಕೆಲಸ" ಎಂದು ತೊದಲಿದೆ.

"ಆಗ್ಲಿ ಬಿಡು. ಆಗಿಂದ ನಾನೂ ನೋಡ್ತಾ ಇದ್ದಿ. ಸೌಂಡ್ ಹಾಕು, ಎಂತ ಹೇಳ್ತ ಹೇಳಿ ಗೊತ್ತಾಗ್ತಿಲ್ಲೆ."

ಹಲ್ಲುನೋವು

ಇದರಲ್ಲಿ ನಗು ಕಡಿಮೆ. ಒಂದನೇ ಕ್ಲಾಸಿನ ನನ್ನ ಮಗಳು ಒಂದು ದಿನ ಕನ್ನಡಿಯ ಮುಂದೆ ನಿಂತು ತುಟಿ ಕಚ್ಚಿ, ಕಣ್ಣು ಅರ್ಧ ಮುಚ್ಚಿ, ಭುಜ ಕುಣಿಸುತ್ತಿದ್ದಳು. ಯಾವುದೋ ಹಾಡಿನದು, ಪಕ್ಕದ ಮನೆಯ ಟಿವಿಯಲ್ಲಿ ನೋಡಿದ್ದಂತೆ. ಶಾಲೆಯ ಹಾಡಿಗೇನೋ ಕತ್ತರಿ ಹಾಕಬಹುದು, ಊರ ಟಿವಿಗೆಲ್ಲ ಯಾರು ಹಾಕುತ್ತಾರೆ? ಅದರ ಅರ್ಥ ಗೊತ್ತಿಲ್ಲದೆ ಮಾಡುವ ಮಗುವಿಗೆ ಬೈದರೆ, ಅರ್ಥ ಏನೋ ಇದೆ ಎಂದು ನಾನೇ ಹೇಳಿಕೊಟ್ಟ ಹಾಗೆ. ಸುಮ್ಮನಿದ್ದರೆ ನಾಳೆ ಅದನ್ನೇ ಜನರ ಮುಂದೆ ಮಾಡುತ್ತಾಳೆ.

"ಆಯಿ, ಆ ಹೀರೋಯಿನ್ನು ಎಂತಕ್ಕೆ ಹಿಂಗೆ ತುಟಿ ಕಚ್ಕತ್ತು?" ಅಂತ ಅವಳೇ ಕೇಳಿದಳು.

"ಹಲ್ಲುನೋವು ಕಾಣ್ತು" ಅಂದುಬಿಟ್ಟೆ. ಬೇರೆ ಏನೂ ಹೊಳೆಯಲಿಲ್ಲ.

ಅವತ್ತಿನಿಂದ ಅವಳು ತುಟಿ ಕಚ್ಚುವುದನ್ನು ಬಿಟ್ಟಳು. ಆದರೆ ಟಿವಿಯಲ್ಲಿ ಹಾಡು ಬಂದಾಗಲೆಲ್ಲ ನೆಂಟರ ಮುಂದೆಯೇ ಹೇಳುತ್ತಾಳೆ: "ಪಾಪ, ಇದಕ್ಕೂ ಹಲ್ಲುನೋವು. ಒಂದು ಲವಂಗ ಇಟ್ಗಳಲೆ ಆಗ್ತಿಲ್ಯಾ?"

ಲಾರಿ ಮಾಲೀಕರು

ಒಂದು ಮಧ್ಯಾಹ್ನ ಶಾಲೆಯ ಮುಂದೆ ಲಾರಿ ನಿಂತಿತು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಅಬ್ಬಾ ಇಳಿದು ಸೀದಾ ನನ್ನ ಹತ್ತಿರವೇ ಬಂದರು. ಎತ್ತರದ ಆಳು, ಮುಖದಲ್ಲಿ ನಗುವಿಲ್ಲ.

"ಅಕ್ಕೋರೇ, ನಮ್ಮ ಮುನ್ನಿಗೆ ಕಲಿಸ್ತಾ ಇರೋ ಹಾಡಿನ ವಿಡಿಯೊ ನೋಡ್ದೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ."

ಎಲ್ಲ ಮುಗಿಯಿತು ಅಂದುಕೊಂಡೆ. ಆ ಹಾಡನ್ನು ನಾನೇ ಪಾಸು ಮಾಡಿದ್ದೆ. "ಬೇಡ ಅಂದರೆ ತೆಗೆದುಬಿಡ್ತೇನೆ, ಇವತ್ತೇ ತೆಗೀತೇನೆ" ಅಂದೆ.

"ತೆಗಿಯೋದು ಯಾಕೆ? ವಿಡಿಯೊದಲ್ಲಿ ಕುಳ್ಳಗಿರೋರೆಲ್ಲ ಮುಂದಿದ್ದಾರೆ. ನಮ್ಮ ಮುನ್ನಿ ಎಲ್ಲರಿಗಿಂತ ಕುಳ್ಳಿ. ಅವಳನ್ನ ಹಿಂದಿನ ಸಾಲಲ್ಲಿ ಯಾಕೆ ನಿಲ್ಲಿಸಿದ್ರಿ?"

ಭತ್ತದ ಹಾಡು

ನೋಡಿ ನೋಡಿ ಸಾಕಾಗಿಹೋಗಿತ್ತು. ಕೊನೆಯಲ್ಲಿ ಮೂರನೇ ಕ್ಲಾಸಿನವರು ಸಿನಿಮಾದ ಒಂದು ಕೊಯ್ಲಿನ ಹಾಡು ತಂದರು. ಮಾತೆಲ್ಲ ಭತ್ತ, ಕೊಕ್ಕರೆ, ಅಡಿಕೆ ಹಾಳೆಯ ಟೊಪ್ಪಿ. ಭತ್ತದಲ್ಲಿ ಎಂಥ ಅಸಹ್ಯ ಇರಲು ಸಾಧ್ಯ ಎಂದು ವಿಡಿಯೊ ನೋಡದೆಯೇ ಪಾಸು ಮಾಡಿದೆ. ಹೆಜ್ಜೆ ನಾನೇ ಕಲಿಸಿದೆ: ಬಗ್ಗುವುದು, ಕೊಯ್ಯುವುದು, ಹೊರೆ ಹೊರುವುದು.

ಗ್ಯಾದರಿಂಗಿನ ಸಂಜೆ ವೇದಿಕೆಯ ಹಿಂದೆ ಬಿಳಿ ಪರದೆ ಕಟ್ಟಿ, ಎದುರಿಗೆ ಪ್ರೊಜೆಕ್ಟರ್ ಇಟ್ಟಿದ್ದರು. "ಈ ಹಾಡಿಗೆ ಹಿಂದೆ ಗದ್ದೆಯ ಚಿತ್ರ ಬರಲಿ" ಎಂದು ಸೌಂಡ್ ಸಿಸ್ಟಂನವನಿಗೆ ಹೇಳಿದ್ದೆ. ಅವನು ಉಪಕಾರ ಮಾಡಲು ಹೋಗಿ ಆ ಹಾಡಿನ ವಿಡಿಯೊವನ್ನೇ ಹಾಕಿದ. ಗದ್ದೆ ಇತ್ತು. ಮಳೆಯೂ ಇತ್ತು. ನಾಯಕಿಯೂ ಇದ್ದಳು, ಅವಳಿಗೆ ಬಟ್ಟೆ ಮಾತ್ರ ಸಾಕಷ್ಟು ಇರಲಿಲ್ಲ.

ಮಕ್ಕಳು ಅದನ್ನು ನೋಡದೆ ಮುಂದೆ ಭತ್ತ ಕೊಯ್ಯುತ್ತಿದ್ದವು. ಮೊದಲ ಸಾಲಿನಲ್ಲಿ ಅಧ್ಯಕ್ಷರು ಹಾರ ಹಾಕಿಕೊಂಡು ಕೂತಿದ್ದರು. ಅವರ ಕೈ ಹಾರದ ಕಡೆ ಹೋಗಿದ್ದು ನನಗೆ ಕಂಡಿತು. ಗ್ಯಾದರಿಂಗು ಹೋಯಿತು, ಮಕ್ಕಳ ಸಂಭ್ರಮ ಹೋಯಿತು ಅನ್ನಿಸಿತು. ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ಓಡಿಹೋಗಿ ವೇದಿಕೆಯ ಮುಂದೆ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತು ಸೆರಗು ಹರಡಿದೆ.

ನಾನು ಉಟ್ಟಿದ್ದು ಬಿಳಿ ಸೀರೆ. ನಾಯಕಿ ಪರದೆಯಿಂದ ನನ್ನ ಸೆರಗಿಗೆ ಬಂದಳು. ಅವಳು ಎಡಕ್ಕೆ ಜಾರಿದರೆ ನಾನೂ ಎಡಕ್ಕೆ, ಬಲಕ್ಕೆ ಬಳುಕಿದರೆ ನಾನೂ ಬಲಕ್ಕೆ. ಕೂತರೆ ಕೂತೆ, ಹಾರಿದರೆ ಹಾರಿದೆ. ವೇದಿಕೆಯ ಮೇಲಿದ್ದ ಮಕ್ಕಳು ಅಕ್ಕೋರು ಹೆಜ್ಜೆ ಬದಲಿಸಿದ್ದಾರೆ ಎಂದುಕೊಂಡು ಭತ್ತ ಅಲ್ಲೇ ಬಿಟ್ಟು ನನ್ನ ಹಾಗೇ ಕುಣಿದವು. ಶಿಳ್ಳೆಯೋ ಶಿಳ್ಳೆ. ಅಧ್ಯಕ್ಷರು ಎದ್ದು ನಿಂತರು. ಆದರೆ ಹೋಗಲಿಲ್ಲ, ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಂಡರು. ಮುಂದಿನ ವರ್ಷವೂ ಗ್ಯಾದರಿಂಗು ಆಗಲೇಬೇಕೆಂದು ಮೈಕಿನಲ್ಲಿ ಸಾರಿ ಹೋದರು.

ಬದುಕಿದೆ ಅಂದುಕೊಂಡೆ. ಎರಡು ದಿನ ಬಿಟ್ಟು ಅಧ್ಯಕ್ಷರ ಫೋನು ಬಂತು.

"ಅಕ್ಕೋರೇ, ನಿಮ್ಮ ಡ್ಯಾನ್ಸು ನಾನೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ, ಈಗ ಊರೆಲ್ಲಾ ಹರಿದಾಡಕತ್ತೇತಿ. ನಮ್ಮನಿ ಹುಡುಗರು ಊಟಾ ಬಿಟ್ಟು ಅದನ್ನ ಕುಣೀತಾವು. ನೀವು ಹೆಂಗೂ ಹಾಡು ಪಾಸು ಮಾಡೋರು, ಅದನ್ನ ಒಂಚೂರು ಬಂದ್ ಮಾಡಿಸ್ರಿ. ಸಣ್ಣ ಮಕ್ಕಳು ನೋಡ್ತಾವ್ರೀ."