ಎದುರು ಮನೆಯ ಗುಲಾಬಿ

ಒಂದೇ ಅಂಗಡಿ, ಒಂದೇ ಬಕೆಟ್ಟಿನಿಂದ ಎತ್ತಿದ ಗುಲಾಬಿ. ಹಾಗಿದ್ದರೆ ತನ್ನದು ಮಾತ್ರ ಯಾಕೆ ಕತ್ತು ವಾಲಿಸಿದೆ? ಕೇದಾರನದು ಯಾಕೆ ಸೆಟೆದು ನಿಂತಿದೆ? ಹೂವಿಗೂ ಮನೆ ನೋಡಿ ಅರಳುವ ಬುದ್ಧಿ ಇದೆಯೇ? ಇಲ್ಲಾ, ಹೂವಿನವಳೇ ಅವನಿಗೆ ಮೊಗ್ಗು ಆರಿಸಿ, ತನಗೆ ನಿನ್ನೆಯದನ್ನು ದಾಟಿಸಿದಳೇ?

ನಾಗಭೂಷಣ್ ಸೋಫಾದಲ್ಲಿ ಕೂತು ಇದನ್ನೇ ಮಥಿಸುತ್ತಿದ್ದ. ಅಂದು ಅವನ ಮದುವೆಯ ವಾರ್ಷಿಕೋತ್ಸವ. ಬೆಳಿಗ್ಗೆ ಎದುರು ಮನೆಯ ಕೇದಾರನ ಜೊತೆ ಗಾಂಧಿ ಬಜಾರಿಗೆ ಹೋದವನು ಹೆಂಡತಿ ಹಂಸಾಳಿಗೆಂದು ಒಂದು ಕಟ್ಟು ಗುಲಾಬಿ ತಂದಿದ್ದ. ಒಂಟಿ ಜೀವ ಕೇದಾರ, ಕೊಡುವುದಕ್ಕೆ ಯಾರೂ ಇಲ್ಲದಿದ್ದರೂ, ತಾನೂ ಒಂದು ಕಟ್ಟು ಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ನಾಗಭೂಷಣನ ಹೂವು, ಮದುವೆಮನೆಯಲ್ಲಿ ಮೂರನೇ ಪಂಕ್ತಿಗೆ ಕಾಯುವವರ ಹಾಗೆ ಸೊರಗಿ ಹೋಗಿತ್ತು.

ಹಂಸಾ ಕಿಟಕಿಯಾಚೆ ನೋಡಿದಳು. "ಕೇದಾರ್ ಮನೇದು ನೋಡ್ರೀ, ಈಗ ತಾನೆ ಗಿಡದಿಂದ ಕಿತ್ತ ಹಾಗಿದೆ. ಅವ್ರ ಕೈ ನಾಜೂಕು. ಸಂಜೆ ಅಮ್ಮ ಬರ್ತಾಳೆ. ಇದನ್ನ ಹೇಗೆ ತೋರಿಸ್ಲಿ?"

ನಾಜೂಕು! ಇಷ್ಟು ವರ್ಷದಲ್ಲಿ ಆ ಮಾತು ತನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಸಂಜೆಯೊಳಗೆ ಅದನ್ನು ಗಳಿಸಲೇಬೇಕೆಂದು ನಾಗಭೂಷಣ್ ಎದ್ದ.

ಕರಿಬೇವು ಕೇಳಲು ಬಂದ ಮಹಡಿಮನೆಯ ಗಿರಿಜಾಂಬಾ ಸಲಹೆಯನ್ನೂ ಬಿಟ್ಟು ಹೋದರು. "ನೀರಿಗೆ ಸಕ್ರೆ ಹಾಕಪ್ಪಾ."

ಎಷ್ಟು ಎಂದು ಅವನು ಕೇಳಲಿಲ್ಲ. ಒಂದು ಹಿಡಿ ಸುರಿದ. ಸ್ವಲ್ಪ ಹೊತ್ತಿಗೆ ಹೂದಾನಿಯಿಂದ ದೇವರಮನೆಯವರೆಗೆ ಇರುವೆಗಳ ಮೆರವಣಿಗೆ ಹೊರಟಿತು.

ಗದ್ದಲ ಕೇಳಿ ಗಿರಿಜಾಂಬಾ ಮತ್ತೆ ಇಳಿದು ಬಂದರು. "ಹೋಗ್ಲಿ ಬಿಡು, ಮಲ್ಲಿಗೆ ದಂಡೆ ಹೇಗಿಡ್ತೀವಿ? ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಲ್ಲಿ. ಹಾಗೇ ಇಡು."

ಬೇಗ ಆಗಲಿ ಎಂದು ಅವನು ಗುಲಾಬಿಗೆ ಒದ್ದೆ ಬಟ್ಟೆ ಸುತ್ತಿ ಫ್ರೀಜರಿನಲ್ಲಿಟ್ಟ. ತೆಗೆದಾಗ ಹೂವು ತಟ್ಟೆಗೆ ಬಡಿದು ಟಣ್ ಎಂದಿತು. ಕರಗಿದ ಮೇಲೆ ಬೇಯಿಸಿದ ಬಸಳೆಸೊಪ್ಪಾಯಿತು.

"ಹುಳಿಗೆ ಹಾಕ್ಲಾ?" ಎಂದಳು ಹಂಸಾ.

ಅಷ್ಟರಲ್ಲಿ ಬಾಗಿಲಲ್ಲಿ ಕೇದಾರ. "ನಾಗಣ್ಣಾ, ಸ್ವಲ್ಪ ಹೊರಗೆ ಹೋಗ್ಬರ್ತೀನಿ. ಕೀ ಇಟ್ಕೊಂಡಿರಿ, ಗ್ಯಾಸಿನವನು ಬಂದ್ರೆ ಬಾಗ್ಲು ತೆಗೀರಿ."

ಅಂಗೈಯಲ್ಲಿ ಬಿದ್ದ ಬೀಗದ ಕೈಯನ್ನು ನಾಗಭೂಷಣ್ ಬಹಳ ಹೊತ್ತು ನೋಡಿದ. ಆಮೇಲೆ ಬಚ್ಚಲಿಗೆ ಹೋಗಿ, ಬಿಳಿ ಪಂಚೆಗೆ ಹಾಕುವ ಬ್ಲೀಚಿನ ಬಾಟಲಿಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಎದುರು ಮನೆಯ ಬೀಗ ತೆಗೆದು ಕೇದಾರನ ಹೂದಾನಿಯ ಮೇಲೆ ಬಗ್ಗಿಸಿದರೆ ಬಾಟಲಿ ಖಾಲಿ! ತಳ ತಟ್ಟಿ ತಟ್ಟಿ ಕೆಲವೇ ಹನಿ ಬೀಳಿಸಿದ. ಸಂಜೆಯೊಳಗೆ ಸಾಯಲಿ ಎಂದುಕೊಂಡ.

"ಏನ್ರೀ ಅದು?" ಹಿಂದೆ ತೆರೆದೇ ಇದ್ದ ಬಾಗಿಲಿನಿಂದ ಕೆಳಮನೆಯ ಶೀನಣ್ಣನ ದನಿ.

ನಾಗಭೂಷಣ್ ಬಾಟಲಿಯನ್ನು ಬೆನ್ನಿಗೆ ಮರೆಮಾಡಿದ. "ಹೂವಿಗೆ ನೀರು ಹಾಕ್ತಿದೀನಿ ಸಾರ್."

"ಅಬ್ಬಾ, ನೆರೆಹೊರೆ ಅಂದ್ರೆ ಹೀಗಿರ್ಬೇಕು!"

ಸಂಜೆ ಅತ್ತೆ ಬಂದರು. ಮೇಜು ಬೋಳಾಗಿತ್ತು. ಅವರು ಕಾಫಿ ಕುಡಿದದ್ದೆಲ್ಲ ಕೇದಾರನ ಕಿಟಕಿ ನೋಡಿಕೊಂಡೇ. ಮರುದಿನವೂ ಗುಲಾಬಿ ಸಾಯಲಿಲ್ಲ. ವಾರ ಕಳೆದರೂ ಮದುಮಗಳ ಹಾಗೆ ನಗುತ್ತಲೇ ಇತ್ತು. ಗುಟ್ಟು ಕೇಳಲು ಇಡೀ ಕಟ್ಟಡ ಕೇದಾರನ ಮನೆಯಲ್ಲಿ ಸೇರಿತು.

"ನಾನೇನೂ ಮಾಡಿಲ್ಲ," ಎಂದ ಕೇದಾರ. "ಯಾವಾಗ್ಲೂ ಎರಡನೇ ದಿನಕ್ಕೇ ನೀರು ಲೋಳೆಯಾಗಿ ನಾರುತ್ತೆ. ಈ ಸಲ ಕನ್ನಡಿ ಥರ ಇದೆ."

ಹಂಸಾ ಮೊಬೈಲಿನಲ್ಲಿ ಹುಡುಕಿದಳು. "ಇಲ್ಲಿ ನೋಡಿ, ನೀರಿಗೆ ಕೆಲವು ಹನಿ ಬ್ಲೀಚ್ ಹಾಕಿದ್ರೆ ಕ್ರಿಮಿ ಸತ್ತು ಹೂವು ಬಾಳುತ್ತಂತೆ. ಗೊತ್ತಿದ್ದೂ ಹೇಳ್ತಿಲ್ಲ ಕೇದಾರ್. ಎಷ್ಟು ವಿನಯ!"

ನಾಗಭೂಷಣ್ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಅಯ್ಯೋ, ನಾಗಭೂಷಣ್ ಅವತ್ತು ಇದಕ್ಕೆ ಏನೋ ಹಾಕ್ತಿದ್ರಲ್ಲ?" ಎಂದ ಶೀನಣ್ಣ.

ಎಲ್ಲರೂ ತಿರುಗಿದರು. ಹಂಸಾಳ ಕಣ್ಣು ಒಮ್ಮೆ ಅರಳಿತು. 'ನಾಜೂಕು' ಎಂಬ ಆ ಒಂದು ಮಾತು ಅವಳ ತುಟಿಯ ತುದಿಗೇ ಬಂದಂತಿತ್ತು. ಆದರೆ ಹಾಕಿದ್ದೇನೆಂದು ಹೇಳಿದರೆ, ಯಾಕೆ ಹಾಕಿದೆನೆಂದೂ ಹೇಳಬೇಕಲ್ಲ.

"ಬರೀ ನೀರು," ಎಂದ ನಾಗಭೂಷಣ್.

"ಅದೇ ಅಂದ್ಕೊಂಡೆ," ಎಂದು ಹಂಸಾ ಕೇದಾರನ ಕಡೆ ತಿರುಗಿದಳು. "ಮುಂದಿನ ವರ್ಷ ಇವ್ರು ಹೂವು ತಂದ್ರೆ ನೇರ ನಿಮ್ಮನೇಲೇ ಇಟ್ಬಿಡ್ತೀನಿ."