ಗ್ರಾಫೀನ್ ಪುಡಿಯೂ ಕಾಡಿಗೆ ಡಬ್ಬಿಯೂ

ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಬಿಸಿಲಿನ ಭಯವಿಲ್ಲ. ನನಗೆ ವಿಜ್ಞಾನದ ಭಯವೂ ಇರಲಿಲ್ಲ! ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನಾನು ಹೆಂಡತಿ ಶಾರದೆಗೆ ಮಾತು ಕೊಟ್ಟುಬಿಟ್ಟಿದ್ದೆ. ಸಿರುಗುಪ್ಪದಲ್ಲಿ ಅವಳು ಟೀಚರ್ ಆಗಿರುವ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ, ಹೈಡ್ರೋಜನ್ನಿನಿಂದ ಕರೆಂಟು ಹುಟ್ಟಿಸುವ ಇಂಧನ ಕೋಶವಿಟ್ಟು ಪುಟ್ಟ ಫ್ಯಾನೊಂದನ್ನು ತಿರುಗಿಸುತ್ತೇನೆ ಎಂದು. ಅವಳು ಅದನ್ನು ಶಾಲೆಗೆಲ್ಲ ಸಾರಿದ್ದಳು.

"ನೋಡ್ರಿ, ಫ್ಯಾನ್ ತಿರುಗಲಿಲ್ಲಂದ್ರ ನಾ ಹೆಡ್‌ಮೇಷ್ಟ್ರಿಗೆ ಮಾರಿ ತೋರ್ಸಂಗಿಲ್ಲ" ಎಂದಳು.

"ತಿರುಗದೇ ಏನು ಮಾಡತೈತಿ?" ಎಂದೆ.

ಇಂಧನ ಕೋಶದೊಳಗೆ ಕ್ರಿಯೆಯನ್ನು ಚುರುಕುಗೊಳಿಸಲು ಒಂದು ವೇಗವರ್ಧಕ ಬೇಕು. ಸಾಮಾನ್ಯವಾಗಿ ಅದಕ್ಕೆ ಪ್ಲಾಟಿನಂ ಹಾಕುತ್ತಾರೆ. ನಾನು ಇಂಗಾಲದ ಅತಿ ತೆಳು ಹಾಳೆಯಾದ ಗ್ರಾಫೀನ್ ಹಾಕುವವನು. ಕಂದು ಬಣ್ಣದ ಗ್ರಾಫೈಟ್ ಆಕ್ಸೈಡನ್ನು ನೀರಿನಲ್ಲಿ ಕದಡಿ, ಚೂರು ಕಬ್ಬಿಣದ ಲವಣ ಸೇರಿಸಿ, ತೆಳ್ಳಗೆ ಹರಡಿ ಜೋರು ಬೆಳಕು ಬಿಟ್ಟರೆ ಕಪ್ಪು ಗ್ರಾಫೀನ್ ತಯಾರು. ಒಲೆ ಬೇಡ, ಬೆಂಕಿ ಬೇಡ. ಬೆಳಕಿಗೆ ನಮ್ಮೂರಲ್ಲಿ ಬರವೇ?

ಶಾರದೆಯ ಹಪ್ಪಳದ ತಾಟಿನಲ್ಲಿ ದ್ರಾವಣ ಹರಡಿ ಮಾಳಿಗೆಯ ಮೇಲಿಟ್ಟು ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ತಾಟಿನ ಮೇಲೆ ದಪ್ಪನೆಯ ಸೀರೆ! ನಮ್ಮಲ್ಲಿ ಮಾಳಿಗೆ ಹತ್ತಿದವರು ಪಕ್ಕದವರ ಸಂಡಿಗೆಯನ್ನೂ ಕಾಯುವುದು ವಾಡಿಕೆ. ಪಕ್ಕದ ಮನೆಯ ಈರಮ್ಮಜ್ಜಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

"ಧೂಳು ಬೀಳಾಕತ್ತಿತ್ತೋ ಯಪ್ಪಾ, ಮುಚ್ಚೀನಿ" ಎಂದಳು.

ಮರುದಿನ "ಮುಚ್ಚಬ್ಯಾಡ ಅಜ್ಜೀ" ಎಂದು ಕೈಮುಗಿದು ಹೋದೆ. ಅಜ್ಜಿ ಮುಚ್ಚಲಿಲ್ಲ. ಕೆರೆದು ತಿರುವಿ ಹಾಕಿದ್ದಳು, ಎರಡೂ ಮಗ್ಗಲು ಒಣಗಲಿ ಎಂದು! ಅರ್ಧ ಗಾಳಿಗೆ ಹಾರಿತ್ತು, ಉಳಿದದ್ದು ಪಕ್ಕದಲ್ಲಿ ಒಣಗಲಿಟ್ಟಿದ್ದ ಶಾರದೆಯ ಸಂಡಿಗೆಗೆ ಅಂಟಿತ್ತು. ಶಾರದೆ ಸಂಡಿಗೆಯನ್ನೂ ನನ್ನನ್ನೂ ಒಂದೇ ಸಲ ಬೈದಳು.

ನಾನು ಬಿಡುವ ಆಸಾಮಿಯೇ? ಉಳಿದ ಕಂದು ಪುಡಿ ಹಿಡಿದು ಕುರುಗೋಡಿನ ಬಸ್ಸು ಹತ್ತಿದೆ. ಅಲ್ಲಿ ಶಾರದೆಯ ತಮ್ಮ ಬಸವರಾಜನ ಫೋಟೊ ಸ್ಟುಡಿಯೊ ಇದೆ.

"ನನ್ನ ಮದಿವಿ ಫ್ಲ್ಯಾಶ್ ಐತಲ್ಲ ಮಾಮಾ, ಅದರ ಮುಂದ ಮದುಮಗ ಕಣ್ಣು ತಗ್ಯಂಗಿಲ್ಲ!" ಎಂದ.

ಪುಡಿಯ ಹತ್ತಿರ ಹಿಡಿದು ಫ್ಲ್ಯಾಶ್ ಹೊಡೆದ. ಪಟ್! ಕಂದು ಪುಡಿ ಉಬ್ಬಿ ಕಪ್ಪಗಾಯಿತು. ನನಗೆ ಕುಣಿಯುವಷ್ಟು ಖುಷಿ. ಡಬ್ಬಿ ಕೇಳಿದೆ. ಅವನು ಖಾಲಿಯಾದ ಕಾಡಿಗೆ ಡಬ್ಬಿಯೊಂದನ್ನು ಕೊಟ್ಟ. ಫೋಟೊ ತೆಗೆಸಲು ಬರುವ ಕೂಸುಗಳಿಗೆ ತಾಯಂದಿರು ದೃಷ್ಟಿ ಬೊಟ್ಟು ಇಡಲೆಂದು ಅವನ ಮೇಜಿನ ಮೇಲೆ ಸದಾ ಕಾಡಿಗೆ ಇರುತ್ತದೆ. ಪುಡಿ ತುಂಬಿ ಮೇಜಿನ ಮೇಲಿಟ್ಟು ಚಹಾ ಕುಡಿದೆ. ಡಬ್ಬಿ ಜೇಬಿಗಿಳಿಸಿ ಹೊರಟೆ.

ಪ್ರದರ್ಶನದ ದಿನ ಡಬ್ಬಿ ತೆರೆದರೆ ಪುಡಿ ಜಿಡ್ಡಾಗಿತ್ತು. "ವಾತಾವರಣದ ತೇವಾಂಶದ ಪರಿಣಾಮ" ಎಂದು ಗಂಭೀರವಾಗಿ ಘೋಷಿಸಿ ಕೋಶಕ್ಕೆ ಬಳಿದೆ. ಅಷ್ಟು ನುಣುಪಾದ ಗ್ರಾಫೀನನ್ನು ನಾನು ಕಂಡೇ ಇರಲಿಲ್ಲ! ಹೈಡ್ರೋಜನ್ ಬಿಟ್ಟೆ. ಫ್ಯಾನು ಅಲುಗಲಿಲ್ಲ.

"ಯಾವಾಗ ತಿರುಗತೈತ್ರಿ ಸರ್?" ಹೆಡ್‌ಮೇಷ್ಟ್ರು ಕೇಳಿದರು.

"ಕ್ರಿಯೆ ಜರುಗುತ್ತಿದೆ" ಎಂದೆ. ಜರುಗುತ್ತಿದ್ದದ್ದು ನನ್ನ ಬೆವರು ಮಾತ್ರ. ಶಾರದೆಯ ಮುಖ ಬಾಡಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನನ್ನ ಕೈಯೆಲ್ಲ ಕಪ್ಪಾಗಿದ್ದರಿಂದ ಶಾರದೆಯೇ ಸ್ಪೀಕರ್ ಹಾಕಿ ಹಿಡಿದಳು.

"ಮಾಮಾ, ನನ್ನ ಕಾಡಿಗಿ ಡಬ್ಬಿ ಒಯ್ದೀರೇನು? ಇಲ್ಲಿದ್ದದ್ದು ಬರೇ ಪುಡಿ. ಕೂಸಿಗೆ ಹಚ್ಚಾಕಂತ ಮುಚ್ಚಳ ತಗದೆ, ಫ್ಯಾನಿನ ಗಾಳಿಗೆ ಎಲ್ಲಾ ಹಾರಿ ಹೋತು!"

ಫ್ಯಾನು ತಿರುಗಿಸಬೇಕಿದ್ದ ಪುಡಿಯನ್ನು ಫ್ಯಾನೇ ಹಾರಿಸಿತ್ತು. ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಾರದೆ ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕೋಶದಿಂದ ಬೆರಳ ತುದಿಯಲ್ಲಿ ಕಾಡಿಗೆ ತೆಗೆದು ನನ್ನ ಗಲ್ಲಕ್ಕೆ ಒತ್ತಿದಳು.

"ಇಂಥಾ ವಿಜ್ಞಾನಿಗೆ ದೃಷ್ಟಿ ಆಗಬಾರ್ದು. ಮುಂದಿನ ವಾರ ಮತ್ತ ತರ್ತಾರ್ರಿ ಸರ್, ನಾನೇ ಡಬ್ಬಿ ಹಿಡಕೊಂಡು ಬರ್ತೀನಿ" ಎಂದಳು.

ಮನೆಗೆ ಬಂದವನೇ ಹೊಸ ದ್ರಾವಣ ಕದಡಿ ಮಾಳಿಗೆ ಹತ್ತಿದೆ. ಈರಮ್ಮಜ್ಜಿ ನನ್ನ ಗಲ್ಲವನ್ನೇ ದಿಟ್ಟಿಸಿದಳು.

"ಈ ಮಾರಿಗೆ ಯಾರ ದೃಷ್ಟಿ ಬೀಳತೈತೋ ಯಪ್ಪಾ?"